ಐದನೇ ಸ್ಲ್ಯಾಬಿಗೆ ಮೊದಲು: ಮಂಗಳೂರಿನ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್‌ನ ಪ್ರಕರಣ

ಇದು ಮಂಗಳೂರಿನ ಒಂದು ವಸತಿ ಕಟ್ಟಡದ ಸೈಟಿನಲ್ಲಿ 2025ರ ಜನವರಿಯಿಂದ ಜುಲೈವರೆಗೆ ನಡೆದ ವಿಷಯ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಹೆಸರಿನ ಬದಲು ಮ್ಯಾನೇಜರ್, ಬಿಲ್ಡರ್, ಮೇಸ್ತ್ರಿ ಅಂತಲೇ ಕರೆಯುತ್ತೇನೆ.

ನಾನು ಕಟ್ಟಡ ಯೋಜನೆಗಳಿಗೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮಾರ್ಚ್ ಕೊನೆಯಲ್ಲಿ ಬಿಲ್ಡರ್ ಕರೆಸಿದರು. ಅವರು ಹೇಳಿದ್ದು ಇಷ್ಟೇ: "ಹುಡುಗ ಒಳ್ಳೆಯವ. ಆದರೆ ಈಗೀಗ ಎಲ್ಲದಕ್ಕೂ ಸಿಡುಕ್ತಾನೆ. ಕೆಲಸವೂ ಹಿಂದೆ ಬೀಳ್ತಾ ಉಂಟು. ಎಂತ ಆಗಿದೆ ಅಂತ ಸ್ವಲ್ಪ ನೋಡಿ ಮಾರಾಯ್ರೆ."

ಹಿನ್ನೆಲೆ

ಜಾಗ ಒಂದು ಕುಟುಂಬದ್ದು. ಅಣ್ಣ ಮಂಗಳೂರಿನಲ್ಲಿ, ತಂಗಿ ಬೆಂಗಳೂರಿನಲ್ಲಿ, ಕಿರಿಯ ತಮ್ಮ ಕುವೈತ್‌ನಲ್ಲಿ. ಬಿಲ್ಡರ್ ಜೊತೆ ಜಂಟಿ ಕರಾರು: ಜಾಗ ಅವರದ್ದು, ಕಟ್ಟುವುದು ಇವರು, ಫ್ಲ್ಯಾಟ್‌ಗಳಲ್ಲಿ ಪಾಲು. ಕರಾವಳಿಯಲ್ಲಿ ಇದು ಮಾಮೂಲಿ ವ್ಯವಸ್ಥೆ. ಆರ್ಕಿಟೆಕ್ಟ್ ಬೆಂಗಳೂರಿನವರು, ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲಿಯವರೇ. ಕಂಬಿ ಕಟ್ಟುವ ತಂಡ ಬಾಗಲಕೋಟೆ ಕಡೆಯದ್ದು, ಕಾಂಕ್ರೀಟ್ ಹಿಡಿಯಲು ಹಲಗೆ, ಆಧಾರ ಕಟ್ಟುವ ಸೆಂಟ್ರಿಂಗ್ ಹುಡುಗರು ಬಂಗಾಳದವರು. ವಯರಿಂಗ್, ಪ್ಲಂಬಿಂಗ್‌ಗೆ ಊರಿನ ಇಬ್ಬರು ಸಬ್ ಕಂಟ್ರಾಕ್ಟರ್‌ಗಳು.

ಇವರೆಲ್ಲರ ನಡುವೆ ಒಬ್ಬ ಮ್ಯಾನೇಜರ್. ವಯಸ್ಸು ಮೂವತ್ತೈದರ ಆಸುಪಾಸು. ಡಿಪ್ಲೊಮಾ ಮಾಡಿ ಸೈಟ್ ಸೂಪರ್‌ವೈಸರ್ ಆಗಿ ಸೇರಿ, ಕೆಲಸ ಮಾಡುತ್ತಲೇ ಡಿಗ್ರಿ ಮುಗಿಸಿದವರು. ಕಬ್ಬಿಣದ ಲೆಕ್ಕ ಬಾಯಲ್ಲೇ ಹೇಳಬಲ್ಲರು. ಮನೆ ಉಡುಪಿ ಕಡೆ. ಬೆಳಿಗ್ಗೆ ಆರಕ್ಕೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವಾಗ ಮಗಳಿಗೆ ನಿದ್ದೆ.

ಮಳೆಗಾಲಕ್ಕೆ ಮೊದಲು ಐದನೇ ಸ್ಲ್ಯಾಬ್ ಮುಗಿಸಬೇಕು ಅನ್ನುವುದು ಗುರಿ. ಅದಕ್ಕೆ ಕಾರಣ ಉಂಟು. ಫ್ಲ್ಯಾಟ್ ಕೊಂಡವರ ಬ್ಯಾಂಕ್ ಸಾಲ ಒಂದೊಂದು ಸ್ಲ್ಯಾಬ್ ಆದ ಹಾಗೆ ಕಂತಿನಲ್ಲಿ ಬಿಡುಗಡೆಯಾಗುತ್ತದೆ. ಸ್ಲ್ಯಾಬ್ ತಡವಾದರೆ ದುಡ್ಡು ತಡ, ದುಡ್ಡು ತಡವಾದರೆ ಮುಂದಿನ ಕಬ್ಬಿಣ ತಡ. ಅದರ ಮೇಲೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಕೊಟ್ಟ ಮುಗಿಸುವ ದಿನಾಂಕ ಬೇರೆ.

ತೊಂದರೆ

ನಾನು ಮೊದಲ ಸಲ ಸೈಟಿಗೆ ಹೋದಾಗ ಕಂಡದ್ದು ಬರೀ ಫೋನು. ಮ್ಯಾನೇಜರ್ ನನ್ನ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗಲಿಲ್ಲ. ಜಾಗದ ಅಣ್ಣನಿಗೆ ಬಾಲ್ಕನಿ ಎರಡು ಅಡಿ ಮುಂದೆ ಬರಬೇಕು. ತಂಗಿಗೆ ಅಡುಗೆಮನೆಯ ಸಿಂಕ್ ಕಿಟಕಿ ಕೆಳಗೆ ಬೇಕು. ಬಿಲ್ಡರ್‌ಗೆ ಇವತ್ತೇ ಫೋಟೋ ಬೇಕು. ಆರ್ಕಿಟೆಕ್ಟ್ ಕಚೇರಿಯಿಂದ ಹೊಸ ಡ್ರಾಯಿಂಗ್ ಬರುತ್ತದೆ ಅಂತ ಹೇಳಿ ವಾರ ಕಳೆದಿದೆ. ಪ್ಲಂಬರ್ ಬಂದು ಬಾತ್‌ರೂಮಿನ ಪೈಪ್ ಎಲ್ಲಿ ಇಳಿಸಬೇಕು ಅಂತ ಕೇಳಿದರೆ, "ನಾಳೆ ಹೇಳ್ತೇನೆ" ಅನ್ನುವುದೇ ಉತ್ತರ. ಏಕೆಂದರೆ ಅವರಿಗೇ ಗೊತ್ತಿಲ್ಲ.

ರಾತ್ರಿ ಹತ್ತೂವರೆಗೆ ಕುವೈತ್ ತಮ್ಮನ ಕರೆ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ ಊಟ ಮಾಡಿ ಎಂಟಕ್ಕೆ ಆರಾಮಾಗಿ ಫೋನ್ ಹಿಡಿದರೆ, ಇಲ್ಲಿ ಇವರು ಚಾಪೆ ಹಾಸುವ ಹೊತ್ತು. ಆತನದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಜೀವಮಾನದ ಉಳಿತಾಯ ಹಾಕಿದವರು ಕೇಳದೆ ಇನ್ನೇನು ಮಾಡುತ್ತಾರೆ?

ಮ್ಯಾನೇಜರ್‌ಗೆ ಫೆಬ್ರವರಿಯಿಂದಲೇ ಎದೆಯುರಿ, ತಲೆನೋವು. ಬೆಳಗಿನ ಮೂರಕ್ಕೆ ಎಚ್ಚರ. ಎದ್ದು ಕೂತು ಮರುದಿನದ ಲಾರಿ, ಸಿಮೆಂಟ್, ಜನ ಅಂತ ಲೆಕ್ಕ. ಬಿಪಿ ಏರಿದ್ದು ಗೊತ್ತಾದದ್ದು ಹೆಂಡತಿ ಎಳೆದುಕೊಂಡು ಡಾಕ್ಟರ ಹತ್ತಿರ ಹೋದ ಮೇಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ನಿದ್ದೆ ವಿಷಯ ಯಾರ ಹತ್ತಿರವಾದರೂ ಮಾತಾಡಿ ಅಂದರು. ಮಾನಸಿಕ ತಜ್ಞರ ಹತ್ತಿರ ಹೋಗಲು ಇವರು ಒಪ್ಪಲಿಲ್ಲ. ಆಗ ಡಾಕ್ಟರು 14416 ನಂಬರ್ ಬರೆದುಕೊಟ್ಟರು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಇವರು ಮಾತಾಡಿದರು. ಏನು ಮಾತಾಡಿದರು ಅಂತ ನಾನು ಕೇಳಿಲ್ಲ.

ಮೊದಲು ಮಾಡಿ ನೋಡಿದ್ದು

ನಾನು ಹೋಗುವ ಮೊದಲೇ ಕಂಪನಿ ಸುಮ್ಮನೆ ಕೂತಿರಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಹೆಚ್ಚಿನ ಕಂಪನಿಗಳು ಮಾಡುವುದು ಇವನ್ನೇ.

ಮೊದಲು ಒಬ್ಬ ಜೂನಿಯರ್ ಇಂಜಿನಿಯರ್ ಕೊಟ್ಟರು. ಒಳ್ಳೆಯ ಹುಡುಗಿ, ಚುರುಕು. ಆದರೆ ಸೈಟಿನ ಹಳೆಯ ಕಥೆಯೆಲ್ಲ ಇದ್ದದ್ದು ಮ್ಯಾನೇಜರ್ ತಲೆಯಲ್ಲಿ. ಯಾವ ಡ್ರಾಯಿಂಗ್ ಕೊನೆಯದ್ದು, ಯಾವ ಬದಲಾವಣೆಗೆ ಯಾರು ಬಾಯಿಮಾತಲ್ಲಿ ಒಪ್ಪಿದ್ದಾರೆ, ಯಾರ ಬಿಲ್ಲು ಬಾಕಿ, ಎಲ್ಲವನ್ನೂ ಇವರೇ ಕೂತು ಹೇಳಬೇಕಾಯಿತು. ಕೆಲವು ವಾರ ಕೆಲಸ ಇನ್ನೂ ಜಾಸ್ತಿಯೇ ಆಯಿತು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಅವರು ಹೇಳಿದ್ದು ಸಾಫ್ಟ್‌ವೇರ್ ಬಗ್ಗೆ. ಸೈಟಿನಲ್ಲಿ ಕಂಬಿ ಕಟ್ಟುವವರನ್ನು ಹೆಚ್ಚಿಸಿದರೆ ಕೆಲಸ ಬೇಗ ಆಗುವುದು ನಿಜ. ಆದರೆ ಮ್ಯಾನೇಜರ್ ಮಾಡುವ ಕೆಲಸಕ್ಕೆ ಬ್ರೂಕ್ಸ್ ಮಾತು ಇಲ್ಲಿಯೂ ಹೊಂದುತ್ತದೆ.

ಆಮೇಲೆ ದಿನಾ ರಾತ್ರಿ ಒಂಬತ್ತಕ್ಕೆ ಎಲ್ಲರಿಗೂ ಒಂದೇ ವರದಿ ಕಳಿಸುವ ಏರ್ಪಾಡು. ಪ್ರಶ್ನೆ ಕಡಿಮೆಯಾಗಬಹುದು ಅಂತ ಲೆಕ್ಕ. ಆದದ್ದು ಉಲ್ಟಾ. ಒಂಬತ್ತಕ್ಕೆ ಫೋಟೋ ಹೋಯಿತು, ಒಂಬತ್ತೂ ಐದಕ್ಕೆ ಪ್ರಶ್ನೆ ಶುರು. ಆ ಗೋಡೆ ಯಾಕೆ ಅಲ್ಲಿ? ನಿನ್ನೆಗಿಂತ ಇವತ್ತು ಜನ ಯಾಕೆ ಕಡಿಮೆ?

ಮೂರನೆಯದು ರಜೆ. ಮಾರ್ಚ್‌ನಲ್ಲಿ ಮಾವನ ಮನೆಯ ನೇಮಕ್ಕೆ (ದೈವದ ಕೋಲಕ್ಕೆ) ಅಂತ ಕೆಲವು ದಿನ ಬಿಟ್ಟರು. ನೇಮದ ಚಪ್ಪರದ ಹಿಂದೆ ನಿಂತು ಸಿಮೆಂಟ್ ಲಾರಿಯವನಿಗೆ ದಾರಿ ಹೇಳಿದರು ಅಂತ ಅವರ ಹೆಂಡತಿ ನನಗೆ ಹೇಳಿದಾಗ ನಿಜಕ್ಕೂ ಬೇಜಾರಾಯಿತು. ಅವರ ಬದಲು ಹೂಂ ಅಥವಾ ಬೇಡ ಅನ್ನುವ ಅಧಿಕಾರ ಯಾರಿಗೂ ಕೊಡದೆ ಕಳಿಸಿದ ರಜೆ ಅದು. ಕೂತ ಜಾಗ ಬದಲಾಯಿತು, ಅಷ್ಟೇ.

ಫೋನನ್ನು ಓದಿದ್ದು

ನಾನು ಬಂದ ಮೇಲೆ ಮೊದಲು ಮಾಡಿದ್ದು, ಮ್ಯಾನೇಜರ್ ಜೊತೆ ಕೂತು ಒಂದು ವಾರದ ಕರೆಗಳನ್ನೂ ವಾಟ್ಸ್‌ಆಪ್ ಸಂದೇಶಗಳನ್ನೂ ಒಂದೊಂದಾಗಿ ನೋಡಿದ್ದು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದಕ್ಕೆ ಉತ್ತರ ಕೊಡುವ ಅಧಿಕಾರ ನಿಮಗೆ ಉಂಟಾ?

ಅರ್ಧಕ್ಕಿಂತ ಜಾಸ್ತಿ ಕಡೆ ಇಲ್ಲ ಅಂತಲೇ ಬಂತು. ಬಾಲ್ಕನಿ ಇವರ ಕೈಯಲ್ಲಿಲ್ಲ. ಸಿಂಕ್ ಇಲ್ಲ. ಟೈಲ್ಸ್ ಇಲ್ಲ. ಕಂಟ್ರಾಕ್ಟರ್ ಬಿಲ್ಲಿಗೆ ಸಹಿ ಇವರದ್ದು, ದುಡ್ಡು ಬಿಡುವುದು ಬಿಲ್ಡರ್. ಆದರೆ ತಡವಾದರೆ ಕೇಳುವುದು ಇವರನ್ನೇ. ಅವರು ಅವತ್ತು ಹೇಳಿದ್ದು ನನ್ನ ಪುಸ್ತಕದಲ್ಲಿ ಹಾಗೇ ಬರೆದಿಟ್ಟಿದ್ದೇನೆ: "ಸರ್, ಕೆಲಸ ಜಾಸ್ತಿ ಅಂತ ನನಗೆ ಯಾವತ್ತೂ ಅನಿಸ್ಲಿಲ್ಲ. ಮಾಡ್ಲಿಕ್ಕೆ ಬಿಡಬೇಕಲ್ವಾ."

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಇದೇ ಮಾತನ್ನು ಸಂಶೋಧನೆಯಾಗಿ ಇಟ್ಟರು. ಬೇಡಿಕೆ ಹೆಚ್ಚು, ಕೈಯಲ್ಲಿ ಅಧಿಕಾರ ಕಡಿಮೆ, ಇವೆರಡೂ ಒಟ್ಟಿಗೆ ಬಂದ ಕೆಲಸದಲ್ಲೇ ಮನುಷ್ಯ ಜಾಸ್ತಿ ಬಳಲುತ್ತಾನೆ ಅಂತ. ನಮ್ಮ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಕೆಲಸ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದರೂ ನಾವು ಅವರಿಗೆ ಹೇಳುವುದು ಯೋಗ ಮಾಡಿ, ಸಮಯ ಹೊಂದಿಸಿಕೊಳ್ಳಿ ಅಂತ. ಯೋಗ ಒಳ್ಳೆಯದೇ. ಬಾಲ್ಕನಿಯ ತೀರ್ಮಾನ ಮಾತ್ರ ಅದರಿಂದ ಬರುವುದಿಲ್ಲ.

ನಾಲ್ಕು ಕಾಲಂ

ಏಪ್ರಿಲ್ ಎರಡನೇ ವಾರ ಬಿಲ್ಡರ್, ಜಾಗದ ಅಣ್ಣ, ಸ್ಟ್ರಕ್ಚರಲ್ ಇಂಜಿನಿಯರ್ ಮೂವರನ್ನೂ ಸೈಟ್ ಆಫೀಸಿಗೆ ಕರೆದೆವು. ಉಳಿದವರು ವಿಡಿಯೋ ಕಾಲ್‌ನಲ್ಲಿ. ಬಿಳಿ ಬೋರ್ಡಿನ ಮೇಲೆ ನಾಲ್ಕು ಕಾಲಂ: ವಿಷಯ ಏನು, ತೀರ್ಮಾನ ಯಾರದ್ದು, ಯಾವ ದಿನದೊಳಗೆ, ಆ ದಿನದೊಳಗೆ ಬಾರದಿದ್ದರೆ ಏನು ಮಾಡುತ್ತೇವೆ.

ಮೊದಲ ಮೂರಕ್ಕೆ ಯಾರ ತಕರಾರೂ ಇರಲಿಲ್ಲ. ಜಗಳವಾದದ್ದು ನಾಲ್ಕನೆಯದಕ್ಕೆ. "ನಾವು ಹೇಳುವವರೆಗೆ ಕಾಯಲಿ" ಅನ್ನುವುದು ಜಾಗದವರ ವಾದ. ಆಗ ಮ್ಯಾನೇಜರ್ ಎದ್ದು ಸ್ಲ್ಯಾಬಿನ ಡ್ರಾಯಿಂಗ್ ತೋರಿಸಿದರು. ವಯರಿಂಗ್ ಪೈಪ್, ಬಾತ್‌ರೂಮಿನ ತಗ್ಗು, ನೀರಿನ ಪೈಪ್ ಇಳಿಯುವ ತೂತು, ಎಲ್ಲವೂ ಕಾಂಕ್ರೀಟ್ ಬೀಳುವ ಮೊದಲೇ ಜಾಗ ಹಿಡಿಯಬೇಕು. ಸಿಂಕ್ ಆಮೇಲೆ ಬದಲಾಯಿಸಿದರೆ ಗಟ್ಟಿಯಾದ ಸ್ಲ್ಯಾಬನ್ನು ಕೋರ್ ಕಟ್ಟಿಂಗ್ ಮಾಡಿ ಕೊರೆಯಬೇಕು. ಅದೃಷ್ಟ ಕೆಟ್ಟರೆ ಕಂಬಿಗೇ ತಾಗುತ್ತದೆ. ಒಬ್ಬರ ಸಿಂಕ್ ಕಾಯುತ್ತಾ ಕೂತರೆ ಇಡೀ ಮಹಡಿ ಕಾಯಬೇಕು. ಅವರು ಅಷ್ಟು ಹೊತ್ತು ತಡೆಯಿಲ್ಲದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಂಗಳೂರಿನ ತಂಗಿ ವಿಡಿಯೋದಲ್ಲೇ, "ಸರಿ, ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ ಮಾಡಿ" ಅಂದರು. ಸಿಂಕ್ ವಿಷಯ ಅಲ್ಲಿಗೆ ಮುಗಿಯಿತು.

ಬಾಲ್ಕನಿ ಅಷ್ಟು ಸುಲಭವಾಗಿರಲಿಲ್ಲ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮಂಜೂರಾದ ಕಟ್ಟಡದ ನಕ್ಷೆ ಬದಲಿಸಬೇಕಾದರೆ ಫ್ಲ್ಯಾಟ್ ಬುಕ್ ಮಾಡಿದವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಇದು ಬಿಲ್ಡರ್‌ಗೆ ಗೊತ್ತಿತ್ತು. ಅಣ್ಣನ ಮುಖ ನೋಡಿ ಇಲ್ಲ ಅನ್ನಲು ಆಗದೆ, "ಮ್ಯಾನೇಜರ್ ಹತ್ತಿರ ಮಾತಾಡಿ" ಅಂತ ಸಾಗಹಾಕಿದ್ದರು. ತಿಂಗಳುಗಟ್ಟಲೆ ಮ್ಯಾನೇಜರ್ ಆ ಇಲ್ಲ ಅನ್ನುವುದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದರು. ಬೋರ್ಡಿನಲ್ಲಿ ತೀರ್ಮಾನ ಯಾರದ್ದು ಅನ್ನುವ ಜಾಗದಲ್ಲಿ "ಬಿಲ್ಡರ್" ಅಂತ ಬರೆದಾಗ ಅವರಿಗೆ ಮಾತಾಡದೆ ದಾರಿ ಇರಲಿಲ್ಲ. ಮಾತಾಡಿದರು. ಅಣ್ಣ ಕೋಪ ಮಾಡಿಕೊಂಡು ಚಹಾ ಕುಡಿಯದೆ ಹೋದರು. ಆ ಕೋಪ ಹೋಗಬೇಕಾದ ವಿಳಾಸಕ್ಕೆ ಹೋಯಿತು ಅಂತ ನನಗೆ ಅನಿಸಿತು.

ಕುವೈತ್ ತಮ್ಮನ ಜೊತೆ ಶುಕ್ರವಾರ ಬೆಳಿಗ್ಗೆ ಮಾತಾಡುವುದು ಅಂತಾಯಿತು. ಅಲ್ಲಿ ಶುಕ್ರವಾರ ರಜೆ. ರಾತ್ರಿ ಎಂಟರ ನಂತರ ತುರ್ತು ಕರೆಗಳನ್ನು ಮ್ಯಾನೇಜರ್ ಮತ್ತು ಜೂನಿಯರ್ ದಿನ ಬಿಟ್ಟು ದಿನ ನೋಡಿಕೊಳ್ಳುವುದು. ಹುಡುಗಿಗೆ ಬೋರ್ಡಿನ ಆಧಾರದಲ್ಲಿ ಉತ್ತರ ಕೊಡುವ ಅಧಿಕಾರವೂ ಸಿಕ್ಕಿತು. ಮೊದಲು ಅವಳಿಂದ ಆಗದ ಸಹಾಯ ಈಗ ಆಗತೊಡಗಿತು.

ಮೇ ತಿಂಗಳು

ಮೇ 2ರಂದು ಜಿಲ್ಲೆಯಲ್ಲಿ ಬಂದ್. ಲಾರಿ ಬರಲಿಲ್ಲ, ಆ ವಾರ ಕೆಲಸಕ್ಕೆ ಬರಲು ಜನರಿಗೂ ಹೆದರಿಕೆ. ಹದಿನೈದರ ಹೊತ್ತಿಗೆ ಬಾಗಲಕೋಟೆಯ ಮೇಸ್ತ್ರಿ ಬಂದು ನಿಂತರು: "ಊರಾಗ ಮಳಿ ಆತಂದ್ರ ಬಿತ್ತಿಗಿ ಐತ್ರಿ ಸಾಹೇಬ್ರ, ಹೋಗಾಕ ಬೇಕು." ಅವರನ್ನು ತಡೆಯುವಂತಿಲ್ಲ. ಅವರಿಗೆ ಹೊಲವೇ ಮೊದಲು, ನಮ್ಮ ಸೈಟು ಆಮೇಲೆ.

ತಿಂಗಳ ಆರಂಭದಲ್ಲೇ ನಾವು ಇನ್ನೊಂದು ಕಾಗದ ಮಾಡಿಸಿದ್ದೆವು. ಕಾಂಕ್ರೀಟ್ ಹಾಕುವ ದಿನ ಹಾಕಬೇಕೋ ಬೇಡವೋ ಅನ್ನುವ ತೀರ್ಮಾನ ಮ್ಯಾನೇಜರ್‌ದ್ದು. ಸ್ಟ್ರಕ್ಚರಲ್ ಇಂಜಿನಿಯರ್ ಕಂಬಿ ನೋಡಿ ಸಹಿ ಹಾಕಿರಬೇಕು. ಬೆಳಿಗ್ಗೆ ಐದಕ್ಕೆ ಮಳೆ ಇದ್ದರೆ, ಇಲ್ಲವೇ ದಿನಕ್ಕೆ ಭಾರೀ ಮಳೆಯ ಮುನ್ನೆಚ್ಚರಿಕೆ ಇದ್ದರೆ, ಮುಂದೂಡಬೇಕು. ಬಿಲ್ಡರ್‌ಗೆ ಬೇರೆ ಅಭಿಪ್ರಾಯ ಇದ್ದರೆ ತಮ್ಮ ಹೆಸರಲ್ಲಿ ಇಮೇಲ್ ಕಳಿಸಬೇಕು. ಬಿಸಿಲಿದ್ದ ದಿನ, ತಲೆ ತಣ್ಣಗಿದ್ದಾಗ ಎಲ್ಲರೂ ಸಹಿ ಹಾಕಿದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಕಾಗದವೇ.

ಮೇ 24, ಶನಿವಾರಕ್ಕೆ ಆರ್‌ಎಂಸಿ, ಅಂದರೆ ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ಬರುವ ಕಾಂಕ್ರೀಟ್, ಬುಕ್ ಆಗಿತ್ತು. ಶುಕ್ರವಾರ ಸಂಜೆ ಭಾರೀ ಮಳೆಯ ಎಚ್ಚರಿಕೆ ಬಂತು. ಒಂದು ಬೀಮಿನ ಕಂಬಿ ಸರಿ ಮಾಡಲು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಿದ್ದರು, ಅದೂ ಪೂರ್ತಿ ಆಗಿರಲಿಲ್ಲ. ಬೆಳಿಗ್ಗೆ ಐದಕ್ಕೆ ಜಿರಿಜಿರಿ ಮಳೆ. ಮ್ಯಾನೇಜರ್ ಪ್ಲಾಂಟಿಗೆ ಫೋನ್ ಮಾಡಿ ಲಾರಿ ಬೇಡ ಅಂದರು. ಆಮೇಲೆ ಬಿಲ್ಡರ್ ಕರೆ.

"ಎಂತ ಮಾರಾಯ್ರೆ, ಇಷ್ಟು ಮಳೆಗೆ ಹೆದರ್ತೀರಾ? ಟಾರ್ಪಾಲ್ ಹಾಕಿ ಹಾಕಿಬಿಡಿ."

"ಸರ್, ನೀವು ಇಮೇಲ್ ಕಳಿಸಿ. ನಾನು ಹಾಕಿಸ್ತೇನೆ."

ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತು. ಇಮೇಲ್ ಬರಲಿಲ್ಲ.

ಕೇರಳಕ್ಕೆ ಮುಂಗಾರು ತಲುಪಿತು ಅಂತ ಹವಾಮಾನ ಇಲಾಖೆ ಘೋಷಿಸಿದ್ದು ಅದೇ ದಿನ. ವಾಡಿಕೆಯ ದಿನ ಜೂನ್ 1. 2009ರ ನಂತರ ಅಲ್ಲಿಯವರೆಗೆ ಅಷ್ಟು ಬೇಗ ಬಂದದ್ದೇ ಇರಲಿಲ್ಲ. ನಮ್ಮ ಕರಾವಳಿಯಲ್ಲೂ ಮಳೆ ಹಿಡಿದುಕೊಂಡಿತು. ಆ ಬೆಳಿಗ್ಗೆ ಶುರು ಮಾಡಿದ್ದರೆ ಮಧ್ಯದಲ್ಲಿ ನಿಲ್ಲಿಸಬೇಕಾಗುತ್ತಿತ್ತು. ತುಂಬಿದ ಎರಡು ಗಂಟೆಯೊಳಗೆ ಆರ್‌ಎಂಸಿ ಲಾರಿ ಖಾಲಿಯಾಗಬೇಕು. ಅರ್ಧ ಹಾಕಿ ನಿಲ್ಲಿಸಿದ ಕಡೆ ಹಳೆಯ ಕಾಂಕ್ರೀಟಿಗೆ ಹೊಸತು ಸರಿಯಾಗಿ ಕೂಡುವುದಿಲ್ಲ, ಆ ಜೋಡಣೆ ಬಲ ಕಳೆದುಕೊಂಡು ಆಮೇಲೆ ಸೋರುತ್ತದೆ. ಮಳೆ ನೀರು ಸೇರಿದ ಮೇಲ್ಮೈ ಪುಡಿಪುಡಿಯಾಗುತ್ತದೆ.

ಆದರೆ ಮುಂದೂಡಿದ್ದಕ್ಕೂ ಖರ್ಚಾಯಿತು. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಏರಿತು, ಬ್ಯಾಂಕಿನ ಕಂತು ತಡವಾಯಿತು, ಕಂಬಿ ತಂಡದ ಹೆಚ್ಚಿನವರು ಊರಿಗೆ ಹೋದರು. ಬಿಲ್ಡರ್ ಒಂದು ವಾರ ಮ್ಯಾನೇಜರ್ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮ್ಯಾನೇಜರ್ ನನಗೆ ಹೇಳಿದ್ದು: "ಬೈಸಿಕೊಂಡೆ ಸರ್. ಆದರೆ ಒಂದು ಕಡೆಯಿಂದ ಮಾತ್ರ."

ಜೂನ್ ಮೊದಲ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಸ್ಲ್ಯಾಬ್ ಹಾಕಿದರು. ಅದಕ್ಕೆ ಮೊದಲಿನ ಎರಡು ದಿನದ ಕೆಲಸವನ್ನು ನಾನು ಹತ್ತಿರ ನಿಂತು ನೋಡಿದೆ. ಕಂಬಿಗೆ ಹಿಡಿದ ಸಡಿಲ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದರು. ಪ್ಲೈವುಡ್ ಮೇಲೆ ನಿಂತ ನೀರು ಹೊರಹಾಕಿ, ಸೇರಿಕೊಂಡಿದ್ದ ಎಲೆ, ಕಟ್ಟುತಂತಿಯ ತುಂಡು ಹೆಕ್ಕಿದರು. ನೀರಿಗೆ ಉಬ್ಬಿದ ಹಲಗೆಗಳನ್ನು ಬದಲಿಸಿದರು. ಕಂಬಿ ಹಲಗೆಗೆ ತಾಗದ ಹಾಗೆ ಇಡುವ ಕವರ್ ಬ್ಲಾಕ್‌ಗಳಲ್ಲಿ ಜಾರಿದವನ್ನು ಒಂದೊಂದಾಗಿ ಕಂಬಿ ಅಡಿಗೆ ತಳ್ಳಿದರು. ವಯರಿಂಗ್ ಪೈಪುಗಳ ತುದಿಯಲ್ಲಿ ನೀರು ನಿಂತಿದೆಯಾ ಅಂತ ಜೂನಿಯರ್ ಇಂಜಿನಿಯರ್ ಊದಿ ನೋಡಿ ಮುಚ್ಚಳ ಹಾಕುತ್ತಾ ಬಂದಳು. ಸ್ಟ್ರಕ್ಚರಲ್ ಇಂಜಿನಿಯರ್ ಮತ್ತೆ ಬಂದು ಬೀಮು ನೋಡಿ ಸಹಿ ಹಾಕಿದರು. ಮ್ಯಾನೇಜರ್ ಫೋನನ್ನು ಅವಳ ಹತ್ತಿರ ಕೊಟ್ಟು ಇಡೀ ದಿನ ಸ್ಲ್ಯಾಬಿನ ಮೇಲೆಯೇ ಇದ್ದರು. ಕಾಂಕ್ರೀಟಿನ ಬಲ ನೋಡುವ 28 ದಿನದ ಕ್ಯೂಬ್ ಟೆಸ್ಟ್‌ನ ಫಲಿತಾಂಶ ಜುಲೈನಲ್ಲಿ ಬಂತು, ಬಲ ಬೇಕಾದಷ್ಟು ಇತ್ತು.

ಇದರಿಂದ ಕಲಿತದ್ದು, ಉಳಿದದ್ದು

ಬೋರ್ಡಿನಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಮ್ಯಾನೇಜರ್‌ಗೆ ಬಿಪಿ ಮಾತ್ರೆ ಇನ್ನೂ ಉಂಟು. ಉಡುಪಿಯಿಂದ ದಿನಾ ಓಡಾಟ ತಪ್ಪಿಲ್ಲ. ಮಂಗಳೂರಿನಲ್ಲಿ ಬಾಡಿಗೆ ಮನೆ ನೋಡಿದರು, ಮಗಳ ಶಾಲೆ, ಹೆಂಡತಿಯ ಕೆಲಸ ನೋಡಿ ಕೈಬಿಟ್ಟರು. ಬಾಲ್ಕನಿಯ ಅಣ್ಣ ಈಗಲೂ ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಆದರೆ ಬೆಳಗಿನ ಮೂರರ ಎಚ್ಚರ ಕಡಿಮೆಯಾಗಿದೆ, ಸಿಡುಕು ಕಡಿಮೆಯಾಗಿದೆ. ಇದನ್ನು ಮೊದಲು ಗಮನಿಸಿದ್ದು ಪ್ಲಂಬರ್. ಈಗ ಕೇಳಿದರೆ ಉತ್ತರ ಸಿಗುತ್ತದೆ ಅಂತ ಅವರೇ ನನಗೆ ಹೇಳಿದರು.

ಬೇರೆ ಸೈಟುಗಳಲ್ಲಿ ಇದನ್ನು ಮಾಡಹೊರಟವರಿಗೆ ಒಂದು ಮಾತು. ಹೆಚ್ಚಿನವರು ಮೊದಲ ಮೂರು ಕಾಲಂ ಬರೆದು ನಾಲ್ಕನೆಯದನ್ನು ಬಿಡುತ್ತಾರೆ, ಏಕೆಂದರೆ ಅಲ್ಲೇ ಮನಸ್ತಾಪ ಬರುವುದು. ಅದನ್ನು ಬಿಟ್ಟರೆ ಅದು ಇನ್ನೊಂದು ವರದಿ ಅಷ್ಟೇ, ಕಾಯುವ ಭಾರ ಮತ್ತೆ ಮ್ಯಾನೇಜರ್ ತಲೆಗೇ. ಮುಂದೂಡುವ ಅಧಿಕಾರವನ್ನೂ ಹಾಗೆಯೇ ಕೆಲಸ ಸುಸೂತ್ರ ಇರುವಾಗಲೇ ಬರೆಸಿಕೊಳ್ಳಬೇಕು. ಮಳೆ ಬರುವ ಬೆಳಿಗ್ಗೆ ಐದಕ್ಕೆ ಕೇಳಿದರೆ ಯಾರೂ ಕೊಡುವುದಿಲ್ಲ. ಮತ್ತೆ, ಒಬ್ಬ ಮ್ಯಾನೇಜರ್ ಸಿಡುಕತೊಡಗಿದಾಗ ಅವರ ಸ್ವಭಾವ ನೋಡುವ ಮೊದಲು ಅವರ ಫೋನ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್, ಅಂದರೆ ಕೆಲಸದಿಂದ ಪೂರ್ತಿ ಬಳಲಿ ಹೋಗುವ ಸ್ಥಿತಿ, ಇದರ ಬಗ್ಗೆ ವಿವರ ಕೊಡುವಾಗ ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದಿಂದ ಬರುವಂಥದ್ದು ಅಂತ ಹೇಳಿತು. ಹಾಗಾದರೆ ಸರಿ ಮಾಡುವ ಕೆಲಸವೂ ಮೊದಲು ಕೆಲಸದ ಜಾಗದಲ್ಲೇ ಆಗಬೇಕಲ್ವಾ?

ಬಿಲ್ಡರ್ ಬಗ್ಗೆ ಒಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆ ಶನಿವಾರ ಅವರು ಇಮೇಲ್ ಕಳಿಸಬಹುದಿತ್ತು, ಕಳಿಸಲಿಲ್ಲ. ಜುಲೈ ಕೊನೆಗೆ ನನ್ನನ್ನು ಮತ್ತೆ ಕರೆದರು. ಹೊಸ ಜಾಗವೊಂದರ ಜಂಟಿ ಕರಾರು ಮಾತುಕತೆಯಲ್ಲಿತ್ತು. ಅದರ ಕರಡಿನಲ್ಲಿ ಆ ನಾಲ್ಕು ಕಾಲಮ್ಮಿನ ಪಟ್ಟಿಯನ್ನೂ, ಕಾಂಕ್ರೀಟ್ ಮುಂದೂಡುವ ಅಧಿಕಾರ ಮ್ಯಾನೇಜರ್‌ಗೆ ಅನ್ನುವ ಸಾಲನ್ನೂ ಸೇರಿಸಿದ್ದರು. ಜಾಗದವರು ನಾಲ್ಕನೇ ಕಾಲಮ್ಮಿಗೆ ತಕರಾರು ತೆಗೆದಿದ್ದಾರಂತೆ. ಮಾತುಕತೆ ಇನ್ನೂ ನಡೆಯುತ್ತಿದೆ.